ಬಳಕೆದಾರರು ಬರೆದ ಎಚ್‌ಟಿಎಂಎಲ್ ಎಕ್ಸ್‌ಎಂಎಲ್ ಒಳಗಿದ್ದರೆ ಪುಟದಲ್ಲಿ ಟ್ಯಾಗ್ ಯಾಕೆ ಕಾಣುತ್ತದೆ?

ಪ್ರಶ್ನೆ: ನಮ್ಮ ಸಾಫ್ಟ್‌ವೇರ್‌ನಲ್ಲಿ ದಪ್ಪ ಅಕ್ಷರ, ಪಟ್ಟಿ, ಲಿಂಕ್ ಎಲ್ಲ ಹಾಕಿ ಬರೆಯಬಹುದಾದ ಒಂದು ಎಡಿಟರ್ ಇದೆ. ಬಳಕೆದಾರರು ಅದರಲ್ಲಿ ಬರೆದ ಎಚ್‌ಟಿಎಂಎಲ್ ಅನ್ನು ಎಕ್ಸ್‌ಎಂಎಲ್ ಫೈಲ್‌ನಲ್ಲಿ 'ವಿವರ' ಎಂಬ ಎಲಿಮೆಂಟ್ ಒಳಗೆ, ಸಿಡೇಟಾದಲ್ಲಿ (ಒಳಗಿರುವುದನ್ನು ಬರೀ ಪಠ್ಯವಾಗಿ ಓದು ಎನ್ನುವ ಗುರುತು) ಸುತ್ತಿ ಇಡುತ್ತೇವೆ. ತೋರಿಸುವುದು ಎಕ್ಸ್‌ಎಂಎಲ್ ಅನ್ನು ಪುಟವಾಗಿ ಪರಿವರ್ತಿಸುವ ಎಕ್ಸ್‌ಎಸ್‌ಎಲ್‌ಟಿ ಮೂಲಕ. ಮೊದಲು ಪುಟದಲ್ಲಿ ದಪ್ಪ ಅಕ್ಷರದ ಬದಲು ಬಿ ಟ್ಯಾಗೇ ಹಾಗೇ ಕಾಣುತ್ತಿತ್ತು. 'ಡಿಸೇಬಲ್-ಔಟ್‌ಪುಟ್-ಎಸ್ಕೇಪಿಂಗ್' ಹಾಕಿದ ಮೇಲೆ ಸರಿಹೋಯಿತು, ಆದರೆ ಫೈರ್‌ಫಾಕ್ಸ್‌ನಲ್ಲಿ ಇನ್ನೂ ಟ್ಯಾಗ್ ಕಾಣುತ್ತದೆ. ಸಿಡೇಟಾ ತೆಗೆದು ನೇರವಾಗಿ ಇಟ್ಟು ನೋಡಿದೆವು. ಎನ್‌ಬಿಎಸ್‌ಪಿ (ಸಾಲು ಮುರಿಯದ ಖಾಲಿ ಜಾಗಕ್ಕೆ ಎಚ್‌ಟಿಎಂಎಲ್‌ನಲ್ಲಿರುವ ಹೆಸರು) ಇದ್ದ ಒಂದೇ ಒಂದು ದಾಖಲೆಯಿಂದ ಇಡೀ ಫೈಲ್ ತೆರೆಯುವುದೇ ನಿಂತಿತು. ಸಿಡೇಟಾದಲ್ಲಿದ್ದರೆ ಸುರಕ್ಷಿತ, ಹಾಗೇ ಇರಲಿ ಬಿಡಿ ಅಂತ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಈಗಾಗಲೇ ಸುಮಾರು 6000 ದಾಖಲೆಗಳಿವೆ. ಎಲ್ಲವನ್ನೂ ಬದಲಿಸಬೇಕಾ? ಸರಿಯಾದ ದಾರಿ ಯಾವುದು?

ಉತ್ತರ: ಒಂದೇ ಪ್ರಶ್ನೆಯ ಹಾಗೆ ಕಂಡರೂ ಇದರಲ್ಲಿ ಮೂರು ತೊಂದರೆಗಳು ಹೆಣೆದುಕೊಂಡಿವೆ. ಟ್ಯಾಗ್ ಅಕ್ಷರವಾಗಿ ಕಾಣುವುದು ಒಂದು. ಒಂದು ದಾಖಲೆ ಕೆಟ್ಟರೆ ಇಡೀ ಫೈಲ್ ನಿಲ್ಲುವುದು ಇನ್ನೊಂದು. ಮೂರನೆಯದು ಸುರಕ್ಷತೆ. ಅದನ್ನು ನೀವು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿದ್ದೀರಿ, ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇರುವುದು ಅದರ ಬಗ್ಗೆಯೇ. ಒಂದೊಂದಾಗಿ ನೋಡೋಣ. ಕೋಡ್‌ನ ಹೆಸರುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.

ಎಕ್ಸ್‌ಎಂಎಲ್ ಓದುವ ಪಾರ್ಸರ್‌ಗೆ ಎಚ್‌ಟಿಎಂಎಲ್ ಅಂದರೇನು ಅಂತ ಗೊತ್ತೇ ಇಲ್ಲ. ಅದಕ್ಕೆ ಮುಖ್ಯವಾಗಿ ಗೊತ್ತಿರುವುದು ಎರಡು: ಎಲಿಮೆಂಟ್ ಮತ್ತು ಪಠ್ಯ. ಬಳಕೆದಾರರೊಬ್ಬರು 'ಇದು ಮುಖ್ಯ' ಅಂತ ಬರೆದು, 'ಮುಖ್ಯ' ಎಂಬ ಪದವನ್ನು ದಪ್ಪ ಮಾಡಿದರು ಅನ್ನಿ. ಅದನ್ನು ನೇರವಾಗಿ ಇಟ್ಟರೆ ಪಾರ್ಸರ್ ಒಂದು ಪುಟ್ಟ ಮರ ಕಟ್ಟುತ್ತದೆ. 'ವಿವರ'ದ ಕೆಳಗೆ 'ಇದು' ಎಂಬ ಪಠ್ಯ, ಅದರ ಪಕ್ಕದಲ್ಲಿ ಬಿ ಎಂಬ ಎಲಿಮೆಂಟ್, ಅದರೊಳಗೆ 'ಮುಖ್ಯ'. ಅದನ್ನೇ ಸಿಡೇಟಾದಲ್ಲಿ ಸುತ್ತಿ ಇಟ್ಟರೆ ಮರವೇ ಇಲ್ಲ. ಇರುವುದು ಒಂದು ಉದ್ದನೆಯ ಪಠ್ಯ ಅಷ್ಟೇ. ಅದರಲ್ಲಿ < ಕೂಡ ಒಂದು ಅಕ್ಷರ, > ಕೂಡ ಒಂದು ಅಕ್ಷರ.

ಇದೊಂದು ಮನಸ್ಸಿಗೆ ಬಂದರೆ ಮಿಕ್ಕಿದ್ದೆಲ್ಲ ಸುಲಭ. ನಿಮ್ಮ 'ವಿವರ'ದಲ್ಲಿ ಇರುವುದು ಪಠ್ಯವೋ ಮರವೋ, ಇದನ್ನು ನೀವು ತೀರ್ಮಾನ ಮಾಡಬೇಕು. ನೀವು ಪಠ್ಯ ಇಟ್ಟಿದ್ದೀರಿ, ಮರ ಸಿಗಲಿ ಅಂತ ಕಾಯುತ್ತಿದ್ದೀರಿ.

ಸಿಡೇಟಾ ಬಗ್ಗೆ ಇರುವ ತಪ್ಪು ಕಲ್ಪನೆಯೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ಸಿಡೇಟಾ ಎಂಬುದು ಬರೆಯುವವರ ಅನುಕೂಲಕ್ಕೆ ಇರುವ ಗುರುತು. ಪ್ರತಿ < ಚಿಹ್ನೆಯನ್ನೂ &ಎಲ್‌ಟಿ; ಅಂತ, ಪ್ರತಿ & ಚಿಹ್ನೆಯನ್ನೂ &ಎಎಂಪಿ; ಅಂತ ಬದಲಿಸುವ ಕಷ್ಟ ತಪ್ಪಲಿ ಅಂತ ಮಾಡಿದ್ದು. ಹಾಗೆ ಬದಲಿಸಿ ಬರೆದರೂ, ಸಿಡೇಟಾದಲ್ಲಿ ಸುತ್ತಿದರೂ ಎಕ್ಸ್‌ಎಸ್‌ಎಲ್‌ಟಿಯ ಕೈಗೆ ಬರುವುದು ಒಂದೇ ಪಠ್ಯ. ಅದು ಹೇಗೆ ಸುತ್ತಿ ಬಂತು ಅಂತ ತಿಳಿಯುವ ದಾರಿಯೇ ಎಕ್ಸ್‌ಎಸ್‌ಎಲ್‌ಟಿಗೆ ಇಲ್ಲ. 'ಇದು ಸಿಡೇಟಾ, ಹಾಗಾಗಿ ಎಚ್‌ಟಿಎಂಎಲ್ ಅಂತ ತಿಳಿದುಕೊ' ಎಂದು ಅದಕ್ಕೆ ಹೇಳುವುದಕ್ಕೂ ಆಗುವುದಿಲ್ಲ.

ಈಗ ಪುಟದಲ್ಲಿ ಟ್ಯಾಗ್ ಯಾಕೆ ಕಂಡಿತು? ಎಕ್ಸ್‌ಎಸ್‌ಎಲ್‌ಟಿಯ 'ವ್ಯಾಲ್ಯೂ-ಆಫ್' ಎಂಬ ಆದೇಶ ಆ ಪಠ್ಯವನ್ನು ತೆಗೆದುಕೊಂಡು ಔಟ್‌ಪುಟ್‌ಗೆ ಹಾಕಿತು. ಪಠ್ಯದಲ್ಲಿ < ಇದ್ದರೆ ಅದು ಟ್ಯಾಗ್ ಆಗಿಬಿಡಬಾರದು, ಅಲ್ವಾ? ಹಾಗಾಗಿ ಬರೆಯುವಾಗ ಮತ್ತೆ &ಎಲ್‌ಟಿ; ಮಾಡಿತು. ಹೀಗೆ ಬದಲಿಸುವುದಕ್ಕೇ ಎಸ್ಕೇಪ್ ಎನ್ನುವುದು. ಬ್ರೌಸರ್ ಅದನ್ನು < ಅಂತ ತೋರಿಸಿತು. ಎಲ್ಲರೂ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದಾರೆ. ಯಾರಾದರೂ '5 < 7' ಅಂತ ಬರೆದಿದ್ದರೆ ಪುಟದಲ್ಲಿ ಅದು ಹಾಗೇ ಕಾಣಬೇಕು ಅಂತ ನೀವೂ ಬಯಸುತ್ತೀರಿ.

'ಡಿಸೇಬಲ್-ಔಟ್‌ಪುಟ್-ಎಸ್ಕೇಪಿಂಗ್' ಈ ಕೊನೆಯ ಹೆಜ್ಜೆಯನ್ನು ಬಿಟ್ಟುಬಿಡು ಎಂದು ಹೇಳುತ್ತದೆ. 1999ರಲ್ಲಿ ಬಂದ ಎಕ್ಸ್‌ಎಸ್‌ಎಲ್‌ಟಿ 1.0ರಲ್ಲೇ ಇದು ಕಡ್ಡಾಯವಲ್ಲ. ಬೇಕಾದರೆ ಪಾಲಿಸಬಹುದು, ಇಲ್ಲದಿದ್ದರೆ ಬಿಡಬಹುದು ಅಂತ ಬರೆದಿದೆ. ಫೈರ್‌ಫಾಕ್ಸ್ ಪಾಲಿಸದಿರುವುದಕ್ಕೆ ಕಾರಣವಿದೆ. ಅದರ ಎಕ್ಸ್‌ಎಸ್‌ಎಲ್‌ಟಿ ಫಲಿತಾಂಶವನ್ನು ಅಕ್ಷರಗಳಾಗಿ ಬರೆದು ಮತ್ತೆ ಓದುವುದಿಲ್ಲ, ನೇರವಾಗಿ ಪುಟದ ಮರವನ್ನೇ ಕಟ್ಟುತ್ತದೆ. ಬರೆಯುವ ಹಂತವೇ ಇಲ್ಲ ಅಂದ ಮೇಲೆ ಆ ಹಂತದಲ್ಲಿ ಏನನ್ನೂ ಬಿಡುವ ಪ್ರಶ್ನೆಯೂ ಇಲ್ಲ. ಸರ್ವರ್‌ನಲ್ಲೂ ಇದೇ ಆಗುತ್ತದೆ. ಇವತ್ತು ನಿಮ್ಮ ಕೋಡ್ ಫಲಿತಾಂಶವನ್ನು ಫೈಲ್‌ಗೆ ಬರೆಯುತ್ತಿರಬಹುದು. ನಾಳೆ ಯಾರೋ ಮಧ್ಯೆ ಇನ್ನೊಂದು ಹಂತ ಸೇರಿಸಿ ಫಲಿತಾಂಶವನ್ನು ಮರವಾಗಿಯೇ ಮುಂದಕ್ಕೆ ಕೊಟ್ಟರೆ, ಟ್ಯಾಗ್‌ಗಳು ಮತ್ತೆ ಅಕ್ಷರಗಳಾಗಿ ಕಾಣಲು ಶುರು. 2007ರ ಎಕ್ಸ್‌ಎಸ್‌ಎಲ್‌ಟಿ 2.0ರಲ್ಲಿ ಈ ಸೌಲಭ್ಯವನ್ನು ಇನ್ನು ಬಳಸಬೇಡಿ ಎನ್ನುವ ಪಟ್ಟಿಗೆ ಸೇರಿಸಿದರು. ಜೊತೆಗೆ ಇನ್ನೊಂದು ವಿಷಯ: ಬ್ರೌಸರ್ ಒಳಗಿನ ಎಕ್ಸ್‌ಎಸ್‌ಎಲ್‌ಟಿಯನ್ನೇ ತೆಗೆದುಹಾಕುವುದಾಗಿ ಕ್ರೋಮ್ ತಂಡ 2025ರಲ್ಲಿ ಹೇಳಿದೆ. ನೀವು ಬ್ರೌಸರ್‌ನಲ್ಲಿ ಪರಿವರ್ತನೆ ಮಾಡುತ್ತಿದ್ದರೆ ಅದನ್ನು ಸರ್ವರ್‌ಗೆ ಸರಿಸುವ ಕೆಲಸವನ್ನು ಈಗಲೇ ಶುರು ಮಾಡಿ.

ಎರಡನೇ ತೊಂದರೆಗೆ ಬರೋಣ. ಎಚ್‌ಟಿಎಂಎಲ್ ತುಂಬ ಸಹಿಸಿಕೊಳ್ಳುತ್ತದೆ, ಎಕ್ಸ್‌ಎಂಎಲ್ ಒಂದು ತಪ್ಪನ್ನೂ ಸಹಿಸುವುದಿಲ್ಲ. 1998ರಲ್ಲಿ ಎಕ್ಸ್‌ಎಂಎಲ್ 1.0 ಬಂದಾಗಲೇ ಇದು ನಿಯಮ: ಫೈಲ್‌ನ ರಚನೆಯಲ್ಲಿ ತಪ್ಪು ಕಂಡರೆ ಪಾರ್ಸರ್ ಅಲ್ಲಿಗೇ ನಿಲ್ಲಬೇಕು, ಊಹಿಸಿಕೊಂಡು ಮುಂದೆ ಹೋಗಬಾರದು. ನಿಮ್ಮ ಎನ್‌ಬಿಎಸ್‌ಪಿ ಕಥೆ ಅದೇ. ಎಕ್ಸ್‌ಎಂಎಲ್‌ಗೆ ಹುಟ್ಟಿನಿಂದ ಗೊತ್ತಿರುವ ಹೆಸರುಗಳು ಐದೇ: ಎಲ್‌ಟಿ, ಜಿಟಿ, ಎಎಂಪಿ, ಅಪೋಸ್, ಕ್ವಾಟ್. ಎಚ್‌ಟಿಎಂಎಲ್ 4ರಲ್ಲೇ ಅಂಥ ಹೆಸರುಗಳು 252 ಇದ್ದವು, ಈಗಿನ ಎಚ್‌ಟಿಎಂಎಲ್‌ನಲ್ಲಿ 2000ಕ್ಕೂ ಹೆಚ್ಚು. ಎಡಿಟರ್‌ಗಳು ಎರಡು ಸಲ ಸ್ಪೇಸ್ ಒತ್ತಿದರೂ ಎನ್‌ಬಿಎಸ್‌ಪಿ ಹಾಕುತ್ತವೆ. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದೂ ಉಂಟು. 'ಎಚ್‌ಟಿಎಂಎಲ್' ಎಂಬ ಪದದಲ್ಲಿ 'ಚ್' ಮುಂದಿನ ಅಕ್ಷರಕ್ಕೆ ಒತ್ತಾಗಿ ಅಂಟದಿರಲಿ ಅಂತ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಅದನ್ನು ಕೆಲವು ಎಡಿಟರ್‌ಗಳು ಹೆಸರಿನ ರೂಪದಲ್ಲಿ, ಅಂದರೆ ಜೆಡ್‌ಡಬ್ಲ್ಯೂಎನ್‌ಜೆ ಅಂತ ಉಳಿಸುತ್ತವೆ. ಎಕ್ಸ್‌ಎಂಎಲ್‌ಗೆ ಆ ಹೆಸರೂ ಗೊತ್ತಿಲ್ಲ.

ಇದಕ್ಕೆ ಪರಿಹಾರ ಅಂತ ಫೈಲ್‌ನ ತಲೆಗೆ ಒಂದು ಡಾಕ್‌ಟೈಪ್ ಹಾಕಿ, ಹೆಸರುಗಳನ್ನೆಲ್ಲ ಅಲ್ಲಿ ಘೋಷಿಸಿ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಅದನ್ನು ಓದಲು ಪಾರ್ಸರ್‌ನಲ್ಲಿ ಡಿಟಿಡಿ ಸೌಲಭ್ಯ (ಇಂಥ ಘೋಷಣೆಗಳನ್ನು ಓದುವುದು) ತೆರೆದಿಡಬೇಕಾಗುತ್ತದೆ. ಹೊರಗಿನಿಂದ ಬಂದ ಎಕ್ಸ್‌ಎಂಎಲ್ ಅನ್ನೂ ಅದೇ ಪಾರ್ಸರ್ ಓದುತ್ತಿದ್ದರೆ, ಸರ್ವರ್‌ನೊಳಗಿನ ಫೈಲ್‌ಗಳನ್ನು ಓದಿ ಕೊಡು ಎಂದು ಕೇಳುವ ದಾಳಿಗೂ, ಒಂದು ಹೆಸರು ಹತ್ತಾಗಿ, ಹತ್ತು ನೂರಾಗಿ ಬೆಳೆದು ಮೆಮೊರಿ ತಿಂದುಹಾಕುವ ದಾಳಿಗೂ ಬಾಗಿಲು ತೆರೆದ ಹಾಗೆ. ಹೆಸರುಗಳನ್ನು ಉಳಿಸುವಾಗಲೇ ನಿಜವಾದ ಯೂನಿಕೋಡ್ ಅಕ್ಷರಕ್ಕೆ ಬದಲಿಸಿ. ಎನ್‌ಬಿಎಸ್‌ಪಿ ಬದಲು ಆ ಅಕ್ಷರವನ್ನೇ ಇಡಿ, ಅಥವಾ &#160; ಅಂತ ಇಡಿ. ಸಂಖ್ಯೆಯ ರೂಪ ಎಕ್ಸ್‌ಎಂಎಲ್‌ಗೆ ಗೊತ್ತು.

ಎನ್‌ಬಿಎಸ್‌ಪಿ ಮೊದಲು ಸಿಕ್ಕಿಬಿದ್ದದ್ದು ಅಷ್ಟೇ. ಹಿಂದೆ ಸಾಲು ನಿಂತಿದೆ. ಮುಚ್ಚದ ಬಿಆರ್ ಮತ್ತು ಐಎಂಜಿ. ಬಿ ಒಳಗೆ ಐ ತೆರೆದು, ಬಿ ಮೊದಲು ಮುಚ್ಚುವುದು. ದೊಡ್ಡಕ್ಷರದಲ್ಲಿ ತೆರೆದು ಸಣ್ಣಕ್ಷರದಲ್ಲಿ ಮುಚ್ಚುವುದು. ಎಲ್ಲಕ್ಕಿಂತ ಹೆಚ್ಚಾಗಿ ನಾನು ಕಂಡಿರುವುದು ಲಿಂಕ್ ಒಳಗಿನ & ಚಿಹ್ನೆ. ಬಳಕೆದಾರರು ಬ್ರೌಸರ್‌ನಿಂದ ವಿಳಾಸ ಕಾಪಿ ಮಾಡಿ ಅಂಟಿಸುತ್ತಾರೆ. ಅದರಲ್ಲಿ ಪ್ರಶ್ನಾರ್ಥಕ ಚಿಹ್ನೆಯಾದ ಮೇಲೆ ಎರಡು ಮೂರು & ಇದ್ದೇ ಇರುತ್ತವೆ. ಬ್ರೌಸರ್‌ಗೆ ಅದು ಲೆಕ್ಕಕ್ಕೇ ಇಲ್ಲ, ಎಕ್ಸ್‌ಎಂಎಲ್ ಪಾರ್ಸರ್ ಅಲ್ಲೇ ನಿಲ್ಲುತ್ತದೆ.

ಹಾಗಾದರೆ ಸಿಡೇಟಾದಲ್ಲೇ ಇದ್ದರೆ ಇದೆಲ್ಲ ತಪ್ಪುತ್ತದಲ್ಲ ಅಂತ ಕೇಳಬಹುದು. ಬಹುಪಾಲು ತಪ್ಪುತ್ತದೆ, ಪೂರ್ತಿ ಅಲ್ಲ. ಸಿಡೇಟಾ ]]> ಎಂಬ ಮೂರು ಚಿಹ್ನೆಗಳಿಗೆ ಮುಗಿಯುತ್ತದೆ. ಬಳಕೆದಾರರು ಬರೆದದ್ದರಲ್ಲೇ ಆ ಮೂರು ಚಿಹ್ನೆಗಳು ಒಟ್ಟಿಗೆ ಬಂದರೆ ಸಿಡೇಟಾ ಅಲ್ಲೇ ಮುಚ್ಚಿಕೊಳ್ಳುತ್ತದೆ, ಉಳಿದದ್ದು ನಿಮ್ಮ ಎಕ್ಸ್‌ಎಂಎಲ್‌ನ ಭಾಗವಾಗುತ್ತದೆ. ಬೇಕೆಂದೇ ಬರೆಯುವವರು ಅದರ ಮುಂದೆ ತಮಗೆ ಬೇಕಾದ ಎಲಿಮೆಂಟ್‌ಗಳನ್ನೇ ಸೇರಿಸಬಹುದು, ಇನ್ನೊಬ್ಬರ ಹೆಸರಿನ ದಾಖಲೆಯನ್ನೂ ಸೃಷ್ಟಿಸಬಹುದು. ಎಕ್ಸ್‌ಎಂಎಲ್ ಅನ್ನು ಸ್ಟ್ರಿಂಗ್ ಜೋಡಿಸಿ ಬರೆಯುವ ಕೋಡ್‌ನಲ್ಲಿ ಇದು ನಿಜವಾದ ಅಪಾಯ. ಲೈಬ್ರರಿಯ ಮೂಲಕ ಪಠ್ಯವಾಗಿ ಸೇರಿಸಿದರೆ ಅದೇ ಎಸ್ಕೇಪ್ ಮಾಡಿಕೊಳ್ಳುತ್ತದೆ, ಸಿಡೇಟಾ ಬೇಕಾಗುವುದೇ ಇಲ್ಲ.

ಸಿಡೇಟಾ ಕಾಪಾಡದ ಇನ್ನೊಂದು ಜಾಗವನ್ನು ನಾನು ಕಷ್ಟಪಟ್ಟು ಕಲಿತೆ. ಹಿಂದೆ ನಾನಿದ್ದ ಒಂದು ತಂಡದಲ್ಲಿ ರಾತ್ರಿ ನಡೆಯುವ ರಫ್ತು ಕೆಲಸ ಒಂದೇ ದಾಖಲೆಯಲ್ಲಿ ಪದೇ ಪದೇ ನಿಲ್ಲುತ್ತಿತ್ತು. ಎಲ್ಲವೂ ಸಿಡೇಟಾದಲ್ಲೇ ಇತ್ತು. ಸ್ಕ್ರೀನ್ ಮೇಲೆ ನೋಡಿದರೆ ಪಠ್ಯ ಅಚ್ಚುಕಟ್ಟಾಗಿತ್ತು. ಕೊನೆಗೆ ಫೈಲನ್ನು ಬೈಟ್ ಬೈಟ್ ಆಗಿ ತೆರೆದು ನೋಡಿದಾಗ ಎರಡು ಪದಗಳ ನಡುವೆ 11ನೇ ಸಂಖ್ಯೆಯ ಅಕ್ಷರ ಸಿಕ್ಕಿತು. ವರ್ಟಿಕಲ್ ಟ್ಯಾಬ್. ವರ್ಡ್ ಪ್ರೊಸೆಸರ್‌ನಿಂದ ಕಾಪಿ ಮಾಡಿದ ಪಠ್ಯದ ಜೊತೆ ಬಂದಿತ್ತು. ಎಕ್ಸ್‌ಎಂಎಲ್ 1.0ರಲ್ಲಿ 32ಕ್ಕಿಂತ ಕೆಳಗಿನ ಅಕ್ಷರಗಳಲ್ಲಿ ಟ್ಯಾಬ್, ಲೈನ್ ಫೀಡ್, ಕ್ಯಾರೇಜ್ ರಿಟರ್ನ್ ಈ ಮೂರಕ್ಕೆ ಮಾತ್ರ ಜಾಗ. ಉಳಿದವು ಸಿಡೇಟಾದಲ್ಲೂ ಇರುವಂತಿಲ್ಲ, &#11; ಅಂತ ಸಂಖ್ಯೆಯ ರೂಪದಲ್ಲೂ ಇರುವಂತಿಲ್ಲ. ಉಳಿಸುವ ಮುಂಚೆ ತೆಗೆದುಹಾಕುವುದೊಂದೇ ದಾರಿ. ನಿಮ್ಮ 6000ದಲ್ಲೂ ಇಂಥವು ಕೆಲವು ಇರಬಹುದು, ಹುಡುಕಿ ನೋಡಿ.

ಈಗ ಸುರಕ್ಷತೆ. ನಿಮ್ಮ ಸಹೋದ್ಯೋಗಿಯ ಮಾತಿನಲ್ಲಿ ಒಂದು ಎಳೆ ಸತ್ಯ ಇದೆ. ಪಠ್ಯವನ್ನು ಪಠ್ಯವಾಗಿಯೇ ತೋರಿಸುವವರೆಗೆ ಅದು ನಿಜಕ್ಕೂ ಸುರಕ್ಷಿತ. ಆದರೆ ಕಾಪಾಡುತ್ತಿದ್ದದ್ದು ಸಿಡೇಟಾ ಅಲ್ಲ, ಕೊನೆಯಲ್ಲಿ ನಡೆಯುತ್ತಿದ್ದ ಆ ಎಸ್ಕೇಪ್. ಡಿಸೇಬಲ್-ಔಟ್‌ಪುಟ್-ಎಸ್ಕೇಪಿಂಗ್ ಹಾಕಿದ ದಿನವೇ ನೀವು ಅದನ್ನು ತೆಗೆದಿದ್ದೀರಿ. ಈಗ ಒಬ್ಬ ಬಳಕೆದಾರ ಬರೆದದ್ದು ಇನ್ನೊಬ್ಬರ ಬ್ರೌಸರ್‌ನಲ್ಲಿ ನಿಮ್ಮ ಪುಟದ ಭಾಗವಾಗಿಯೇ ನಡೆಯುತ್ತದೆ, ಅವರ ಲಾಗಿನ್ ಜೊತೆಗೆ.

ಸ್ಕ್ರಿಪ್ಟ್ ಟ್ಯಾಗ್ ಹುಡುಕಿ ತೆಗೆದರೆ ಸಾಕು ಅಂತ ಅನ್ನಿಸುವುದು ಸಹಜ. ಸಾಲದು. ಇಲ್ಲದ ಚಿತ್ರದ ವಿಳಾಸ ಕೊಟ್ಟ ಐಎಂಜಿ, ಅದಕ್ಕೊಂದು 'ಆನ್‌ಎರರ್' ಗುಣ (ಆಟ್ರಿಬ್ಯೂಟ್). ಚಿತ್ರ ಸಿಗದೆ ಹೋದ ಕೂಡಲೇ ಅದರಲ್ಲಿ ಬರೆದ ಕೋಡ್ ನಡೆಯುತ್ತದೆ. ಸ್ಕ್ರಿಪ್ಟ್ ಎಂಬ ಪದವೇ ಎಲ್ಲೂ ಬರುವುದಿಲ್ಲ. ಪುಟದೊಳಗೆ 'ಇನ್ನರ್‌ಎಚ್‌ಟಿಎಂಎಲ್' ಬಳಸಿ ತುಂಬಿದರೆ ಸ್ಕ್ರಿಪ್ಟ್ ಟ್ಯಾಗ್ ನಡೆಯುವುದಿಲ್ಲ ಎಂಬುದು ನಿಜ. ಅದನ್ನು ನೋಡಿ ಸುರಕ್ಷಿತ ಅಂದುಕೊಂಡವರನ್ನು ತುಂಬ ಕಂಡಿದ್ದೇನೆ. ಆನ್‌ಎರರ್ ಮಾತ್ರ ಅಲ್ಲೂ ಆರಾಮಾಗಿ ನಡೆಯುತ್ತದೆ. 2005ರ ಅಕ್ಟೋಬರ್‌ನಲ್ಲಿ ಮೈಸ್ಪೇಸ್ ತಾಣದಲ್ಲಿ ಹೀಗೇ ಒಂದು ಹುಳು ಹರಡಿ, ಒಂದು ದಿನದೊಳಗೆ 10 ಲಕ್ಷಕ್ಕೂ ಹೆಚ್ಚು ಪ್ರೊಫೈಲ್‌ಗಳಿಗೆ ತಗುಲಿತು. ತಾಣ 'ಜಾವಾಸ್ಕ್ರಿಪ್ಟ್' ಎಂಬ ಪದವನ್ನು ಸೋಸುತ್ತಿತ್ತು. ಬರೆದವರು ಪದದ ನಡುವೆ ಒಂದು ಹೊಸ ಸಾಲು ಹಾಕಿದರು. ಸೋಸುವ ಕೋಡ್‌ಗೆ ಅದು ಬೇರೆ ಪದ, ಅಂದಿನ ಕೆಲವು ಬ್ರೌಸರ್‌ಗಳಿಗೆ ಅದೇ ಪದ.

ಹಾಗಾಗಿ ಕೆಟ್ಟದ್ದನ್ನು ಹುಡುಕಿ ತೆಗೆಯಲು ಹೋಗಬೇಡಿ. ಒಳ್ಳೆಯದರ ಪಟ್ಟಿ ಮಾಡಿ, ಅದನ್ನು ಮಾತ್ರ ಒಳಗೆ ಬಿಡಿ. ನಿಮ್ಮ ಎಡಿಟರ್ ಕೊಡುವುದು ಪ್ಯಾರಾ, ದಪ್ಪ, ಓರೆ, ಪಟ್ಟಿ, ಲಿಂಕ್ ಇಷ್ಟೇ ಆದರೆ ಪಟ್ಟಿಯಲ್ಲಿ ಹತ್ತು ಟ್ಯಾಗ್ ಕೂಡ ಇರುವುದಿಲ್ಲ. ಗುಣಗಳಲ್ಲಿ ಲಿಂಕ್‌ನ ಎಚ್‌ರೆಫ್ ಒಂದೇ ಸಾಕು, ಅದೂ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್, ಮೇಲ್‌ಟು ಇವುಗಳಿಂದ ಶುರುವಾದರೆ ಮಾತ್ರ. ಸ್ಟೈಲ್ ಬೇಡವೇ ಬೇಡ. ಇದನ್ನು ರೆಗೆಕ್ಸ್‌ನಲ್ಲಿ (ಪಠ್ಯದ ಮಾದರಿ ಹುಡುಕುವ ಸೂತ್ರ) ಸ್ವಂತವಾಗಿ ಬರೆಯಬೇಡಿ. ಬ್ರೌಸರ್‌ನಲ್ಲಾದರೆ ಡಾಮ್‌ಪ್ಯೂರಿಫೈ, ಜಾವಾದಲ್ಲಿ ಜೆಸೂಪ್ ಅಥವಾ ಒವಾಸ್ಪ್‌ನ ಸ್ಯಾನಿಟೈಸರ್, ಪಿಎಚ್‌ಪಿಯಲ್ಲಿ ಎಚ್‌ಟಿಎಂಎಲ್ ಪ್ಯೂರಿಫೈಯರ್, ಪೈಥಾನ್‌ನಲ್ಲಿ ಎನ್‌ಎಚ್3 ಇವೆ. ಸೋಸಿದ ಮೇಲೆ ಆ ಪಠ್ಯವನ್ನು ಮತ್ತೆ ಮುಟ್ಟಬೇಡಿ. ಸೋಸಿದ ನಂತರ ಒಂದು ಸಣ್ಣ ಹುಡುಕಿ-ಬದಲಿಸುವ ಸಾಲು ಹಾಕಿದರೂ ಸೋಸಿದ್ದೆಲ್ಲ ವ್ಯರ್ಥವಾಗಬಹುದು.

ಯಾವಾಗ ಸೋಸಬೇಕು? ಒಂದೇ ಸಲ ಮಾಡಲು ಆಗುವುದಾದರೆ ತೋರಿಸುವಾಗ ಮಾಡಿ. ಯಾಕೆಂದರೆ ಸೋಸುವ ನಿಯಮ ನಾಳೆ ಬಿಗಿಯಾಗುತ್ತದೆ, ಹೊಸ ದಾಳಿಗಳು ಬರುತ್ತವೆ. ಉಳಿಸುವಾಗ ಮಾತ್ರ ಸೋಸಿದ್ದರೆ ಹಳೆಯ ದಾಖಲೆಗಳು ಹಳೆಯ ನಿಯಮದಲ್ಲೇ ಉಳಿದುಬಿಡುತ್ತವೆ. ಉಳಿಸುವಾಗಲೂ ಒಮ್ಮೆ ಮಾಡಿದರೆ ಇನ್ನೂ ಒಳ್ಳೆಯದು. ಪುಟದಲ್ಲಿ ಯಾವ ಸ್ಕ್ರಿಪ್ಟ್ ನಡೆಯಬಹುದು ಅಂತ ಬ್ರೌಸರ್‌ಗೆ ಹೇಳುವ ಸಿಎಸ್‌ಪಿ ಹೆಡರ್ ಹಾಕಿದರೆ ಒಂದು ಪದರ ಹೆಚ್ಚಿನ ಕಾವಲು.

ಇನ್ನು ನಿಮ್ಮ ಮುಂದೆ ಇರುವ ದಾರಿಗಳು. ಮೊದಲನೆಯದು, ಪಠ್ಯವಾಗಿಯೇ ಬಿಡುವುದು. ಸರ್ವರ್ ಕೋಡ್ ಎಕ್ಸ್‌ಎಂಎಲ್‌ನಿಂದ 'ವಿವರ'ದ ಪಠ್ಯ ತೆಗೆಯುತ್ತದೆ, ಸೋಸುತ್ತದೆ, ಎಕ್ಸ್‌ಎಸ್‌ಎಲ್‌ಟಿ ಕೆಲಸ ಮುಗಿದ ಮೇಲೆ ಪುಟದ ಸರಿಯಾದ ಜಾಗಕ್ಕೆ ಸೇರಿಸುತ್ತದೆ. 6000 ದಾಖಲೆಗಳನ್ನು ಮುಟ್ಟಬೇಕಿಲ್ಲ. ಅಪಾಯ ಏನೆಂದರೆ ಈ ಶಿಸ್ತು ಪೂರ್ತಿ ನಿಮ್ಮ ಕೋಡ್ ಮೇಲೆ ನಿಂತಿದೆ. ನಾಲ್ಕು ಜಾಗದಲ್ಲಿ ತೋರಿಸುತ್ತಿದ್ದು, ಮೂರರಲ್ಲಿ ಸೋಸಿ ಒಂದರಲ್ಲಿ ಮರೆತರೆ ಆಯಿತು. ಜೊತೆಗೆ ಎಕ್ಸ್‌ಎಸ್‌ಎಲ್‌ಟಿಗೆ ಒಳಗಿನ ಲಿಂಕ್, ತಲೆಬರಹ ಯಾವುದೂ ಕಾಣುವುದಿಲ್ಲ.

ಎರಡನೆಯದು, ಉಳಿಸುವಾಗಲೇ ಮರವಾಗಿ ಮಾಡುವುದು. ನನ್ನ ಒಲವು ಇದರ ಕಡೆಗೆ. ಬಳಕೆದಾರರ ಎಚ್‌ಟಿಎಂಎಲ್ ಅನ್ನು ಎಚ್‌ಟಿಎಂಎಲ್5 ಪಾರ್ಸರ್‌ಗೆ ಕೊಡಿ. ಬ್ರೌಸರ್‌ಗಳು ತಪ್ಪುಗಳನ್ನು ಸರಿಪಡಿಸಿಕೊಳ್ಳುವ ಕ್ರಮವೇ ಈಗ ಅಕ್ಷರಶಃ ನಿಯಮವಾಗಿ ಬರೆದಿದೆ, ಹಾಗಾಗಿ ಎಂಥ ಕಸ ಕೊಟ್ಟರೂ ಒಂದು ಮರ ಸಿಗುತ್ತದೆ. ಜೆಸೂಪ್, ಎಚ್‌ಟಿಎಂಎಲ್5ಲಿಬ್, ಪಾರ್ಸ್5 ಇದನ್ನು ಮಾಡುತ್ತವೆ. ಆ ಮರವನ್ನು ಸೋಸಿ, ಎಕ್ಸ್‌ಎಂಎಲ್ ಆಗಿ ಬರೆದು ಇಡಿ. ಬಿಆರ್ ತಾನಾಗಿ ಮುಚ್ಚಿಕೊಳ್ಳುತ್ತದೆ, & ಸರಿಯಾಗುತ್ತದೆ, ಎನ್‌ಬಿಎಸ್‌ಪಿ ಅಕ್ಷರವಾಗುತ್ತದೆ. ಎಲಿಮೆಂಟ್‌ಗಳಿಗೆ ಎಕ್ಸ್‌ಎಚ್‌ಟಿಎಂಎಲ್ (ಎಕ್ಸ್‌ಎಂಎಲ್ ನಿಯಮ ಪಾಲಿಸುವ ಎಚ್‌ಟಿಎಂಎಲ್) ನೇಮ್‌ಸ್ಪೇಸ್, ಅಂದರೆ ಅವು ಯಾವ ಭಾಷೆಯವು ಎಂಬ ಗುರುತು, ಕೊಡಿ.

ಆಮೇಲೆ ತೋರಿಸಲು ವ್ಯಾಲ್ಯೂ-ಆಫ್ ಬದಲು 'ಕಾಪಿ-ಆಫ್' ಬಳಸಬೇಕು. ವ್ಯಾಲ್ಯೂ-ಆಫ್ ಮರದಿಂದ ಟ್ಯಾಗ್‌ಗಳನ್ನು ಉದುರಿಸಿ ಅಕ್ಷರ ಮಾತ್ರ ಕೊಡುತ್ತದೆ. ದಪ್ಪ ಅಕ್ಷರವೆಲ್ಲ ಎಲ್ಲಿಗೆ ಹೋಯಿತು ಅಂತ ಕೇಳುವವರಿಗೆ ಬಹುತೇಕ ಆಗಿರುವುದು ಇದೇ. ಇನ್ನೊಂದು ಎಚ್ಚರ: ಔಟ್‌ಪುಟ್ ವಿಧಾನ 'ಎಕ್ಸ್‌ಎಂಎಲ್' ಅಂತ ಇದ್ದರೆ ಖಾಲಿ ಡಿವ್ ತನ್ನಷ್ಟಕ್ಕೇ ಮುಚ್ಚಿಕೊಂಡ ರೂಪದಲ್ಲಿ ಬರುತ್ತದೆ. ಎಚ್‌ಟಿಎಂಎಲ್ ಆಗಿ ಓದುವ ಬ್ರೌಸರ್ ಅದನ್ನು ತೆರೆದ ಡಿವ್ ಅಂದುಕೊಳ್ಳುತ್ತದೆ, ಪುಟದ ಮಿಕ್ಕಿದ್ದೆಲ್ಲ ಅದರೊಳಗೆ ಸೇರಿಬಿಡುತ್ತದೆ. ವಿಧಾನವನ್ನು 'ಎಚ್‌ಟಿಎಂಎಲ್' ಮಾಡಿ, ಆದರೆ ಎಕ್ಸ್‌ಎಸ್‌ಎಲ್‌ಟಿ 1.0ರಲ್ಲಿ ಅದು ನೇಮ್‌ಸ್ಪೇಸ್ ಇಲ್ಲದ ಎಲಿಮೆಂಟ್‌ಗಳಿಗೆ ಮಾತ್ರ ಅನ್ವಯಿಸುತ್ತದೆ. 1.0ರಲ್ಲೇ ಇದ್ದರೆ ಕಾಪಿ-ಆಫ್ ಬದಲು, ನೇಮ್‌ಸ್ಪೇಸ್ ತೆಗೆದು ನಕಲು ಮಾಡುವ ಒಂದು ಪುಟ್ಟ ಟೆಂಪ್ಲೇಟ್ ಬರೆದುಕೊಳ್ಳಿ.

ಬೇರೆ ದಾರಿಗಳೂ ಇವೆ. ಎಕ್ಸ್‌ಎಸ್‌ಎಲ್‌ಟಿ 3.0ರಲ್ಲಿ 'ಪಾರ್ಸ್-ಎಕ್ಸ್‌ಎಂಎಲ್-ಫ್ರಾಗ್‌ಮೆಂಟ್' ಪಠ್ಯವನ್ನು ಅಲ್ಲೇ ಮರವಾಗಿಸುತ್ತದೆ, ಪಠ್ಯ ಎಕ್ಸ್‌ಎಂಎಲ್ ಆಗಿ ಸರಿಯಿದ್ದರೆ ಮಾತ್ರ. ಬಳಕೆದಾರರು ಇಡೀ ಪುಟವನ್ನೇ, ಸ್ಟೈಲ್ ಸಮೇತ ಕೊಡುವ ಹಾಗಿದ್ದರೆ ಸ್ಯಾಂಡ್‌ಬಾಕ್ಸ್ ಹಾಕಿದ ಐಫ್ರೇಮ್ (ಪುಟದೊಳಗಿನ ಪ್ರತ್ಯೇಕ, ನಿರ್ಬಂಧಿತ ಚೌಕಟ್ಟು) ಒಳಗೆ ತೋರಿಸುವುದು ಒಳ್ಳೆಯದು. ಎಚ್‌ಟಿಎಂಎಲ್ ಬೇಡ, ಸರಳ ಚಿಹ್ನೆಗಳಿಂದಲೇ ದಪ್ಪ, ಪಟ್ಟಿ ಎಲ್ಲ ಮಾಡುವ ಮಾರ್ಕ್‌ಡೌನ್ ಕೊಡೋಣ ಅನ್ನುವುದಾದರೆ, ಮಾರ್ಕ್‌ಡೌನ್ ಒಳಗೂ ಎಚ್‌ಟಿಎಂಎಲ್ ಬರೆಯಬಹುದು ಎಂಬುದು ನೆನಪಿರಲಿ. ಸೋಸುವ ಕೆಲಸ ಅಲ್ಲೂ ತಪ್ಪುವುದಿಲ್ಲ.

6000 ದಾಖಲೆಗಳನ್ನು ಒಂದೇ ದಿನ ಬದಲಿಸಬೇಕಿಲ್ಲ. ಇದಕ್ಕೆ, ತಾಣದ ಹೊಸ ಬರಹಗಳನ್ನು ಹಂಚುವ ಎಕ್ಸ್‌ಎಂಎಲ್ ರೂಪವಾದ ಆಟಮ್ ಫೀಡ್‌ನಿಂದ ಒಂದು ಪಾಠ ಇದೆ. ಅದೇ ಕೆಲಸಕ್ಕಿದ್ದ ಹಳೆಯ ಆರ್‌ಎಸ್‌ಎಸ್‌ನಲ್ಲಿ ವಿವರದ ಜಾಗದಲ್ಲಿ ಇರುವುದು ಬರೀ ಪಠ್ಯವೋ, ಎಸ್ಕೇಪ್ ಮಾಡಿದ ಎಚ್‌ಟಿಎಂಎಲ್ಲೋ ಅಂತ ಹೇಳುವ ಗುರುತೇ ಇರಲಿಲ್ಲ, ಓದುವ ಸಾಫ್ಟ್‌ವೇರ್‌ಗಳು ಊಹಿಸಬೇಕಿತ್ತು. 2005ರ ಡಿಸೆಂಬರ್‌ನಲ್ಲಿ ಆರ್‌ಎಫ್‌ಸಿ 4287 ಆಗಿ ಬಂದ ಆಟಮ್, 'ಟೈಪ್' ಎಂಬ ಗುಣ ಕೊಟ್ಟು ಟೆಕ್ಸ್ಟ್, ಎಚ್‌ಟಿಎಂಎಲ್, ಎಕ್ಸ್‌ಎಚ್‌ಟಿಎಂಎಲ್ ಅಂತ ಬರೆದವರೇ ಹೇಳುವಂತೆ ಮಾಡಿತು. ನಿಮ್ಮ 'ವಿವರ'ಕ್ಕೂ ಅಂಥದ್ದೊಂದು ಗುಣ ಹಾಕಿ. ಹಳೆಯವಕ್ಕೆಲ್ಲ 'ಎಚ್‌ಟಿಎಂಎಲ್', ಹೊಸದಾಗಿ ಉಳಿಯುವವಕ್ಕೆ 'ಎಕ್ಸ್‌ಎಚ್‌ಟಿಎಂಎಲ್'. ತೋರಿಸುವ ಕೋಡ್ ಗುಣ ನೋಡಿ ದಾರಿ ಹಿಡಿಯಲಿ. ಹಳೆಯವನ್ನು ನಿಧಾನವಾಗಿ, ಒಂದು ಪ್ರತಿ ಎತ್ತಿಟ್ಟುಕೊಂಡು ಬದಲಿಸಿ. ಪ್ರತಿ ದಾಖಲೆಯಲ್ಲೂ ಟ್ಯಾಗ್ ಬಿಟ್ಟು ಬರೀ ಅಕ್ಷರಗಳನ್ನು, ಬದಲಿಸುವ ಮುಂಚೆ ಮತ್ತು ನಂತರ, ಹೋಲಿಸಿ ನೋಡಿ. ಬೇರೆಯಾದವನ್ನು ಮಾತ್ರ ಕಣ್ಣಿನಿಂದ ಓದಿ.

ಆಗ ಕೆಲವು ದಾಖಲೆಗಳಲ್ಲಿ &ಎಎಂಪಿ;ಎಲ್‌ಟಿ; ಎನ್ನುವುದು ಸಿಗಬಹುದು, ಎರಡು ಸಲ ಎಸ್ಕೇಪ್ ಆದದ್ದು. < ಸಿಗುವವರೆಗೂ ಬಿಡಿಸುತ್ತಾ ಹೋಗು ಅಂತ ಲೂಪ್ ಬರೆಯಬೇಡಿ. ಬಳಕೆದಾರರು ಟ್ಯಾಗ್ ಬಗ್ಗೆಯೇ ಏನೋ ವಿವರಿಸಲು ಬೇಕೆಂದೇ ಹಾಗೆ ಬರೆದಿರಬಹುದು. ಎರಡು ಸಲ ಎಸ್ಕೇಪ್ ಮಾಡುತ್ತಿರುವ ಜಾಗವನ್ನು ಕೋಡ್‌ನಲ್ಲಿ ಹುಡುಕಿ, ಆ ಅವಧಿಯ ದಾಖಲೆಗಳನ್ನು ಮಾತ್ರ ಒಂದೇ ಸಲ ಬಿಡಿಸಿ.

ನಾಳೆಯೇ ಮಾಡಬೇಕಾದದ್ದು ಒಂದಿದೆ: ತೋರಿಸುವ ಪ್ರತಿ ಜಾಗದಲ್ಲೂ ಸೋಸುವಿಕೆ ಸೇರಿಸಿ. ಅದು ಆಗುವವರೆಗೆ ಡಿಸೇಬಲ್-ಔಟ್‌ಪುಟ್-ಎಸ್ಕೇಪಿಂಗ್ ತೆಗೆದಿಡಿ. ನಾಲ್ಕು ದಿನ ಟ್ಯಾಗ್ ಕಂಡರೆ ಪರವಾಗಿಲ್ಲ.

ಉಳಿದದ್ದನ್ನು ಮಾಡುವಾಗ ಪರೀಕ್ಷೆಗೆ ಒಂದೇ ದಾಖಲೆ ಮಾಡಿಟ್ಟುಕೊಳ್ಳಿ. ಅದರಲ್ಲಿ '5 < 7' ಇರಲಿ, ಎನ್‌ಬಿಎಸ್‌ಪಿ ಇರಲಿ, ಎರಡು & ಇರುವ ಲಿಂಕ್, ಮುಚ್ಚದ ಬಿಆರ್, ]]> ಎಂಬ ಮೂರು ಚಿಹ್ನೆ, ಒಂದು ವರ್ಟಿಕಲ್ ಟ್ಯಾಬ್, ಆನ್‌ಎರರ್ ಇರುವ ಒಂದು ಐಎಂಜಿ ಇರಲಿ. ಉಳಿಸಿ, ತೋರಿಸಿ, ಮತ್ತೆ ಎಡಿಟರ್‌ನಲ್ಲಿ ತೆರೆದು ಏನೂ ಬದಲಿಸದೆ ಉಳಿಸಿ. ಹೀಗೆ ಮೂರು ಸಲ. ಮೊದಲ ಸಲವೇ ಆನ್‌ಎರರ್ ಮತ್ತು ವರ್ಟಿಕಲ್ ಟ್ಯಾಬ್ ಹೋಗಿರಬೇಕು. ಎರಡನೇ ಸಲದ ಫೈಲ್‌ಗೂ ಮೂರನೇ ಸಲದ ಫೈಲ್‌ಗೂ ಒಂದು ಬೈಟ್ ಕೂಡ ವ್ಯತ್ಯಾಸ ಇರಬಾರದು.